ಗಿರಾಕಿ ದೂರಿದಾಗ ಯಾವ ದಾರಿ? ಉತ್ತರ ಕನ್ನಡದ ಹೋಟೆಲ್, ಖಾನಾವಳಿಯವರಿಗೊಂದು ಹೋಲಿಕೆ

ಊಟದ ಬಗ್ಗೆ ದೂರು ಬಂದರೆ ಹೆಚ್ಚಿನ ಹೋಟೆಲ್‌ಗಳಲ್ಲಿ ಎಲ್ಲದಕ್ಕೂ ಒಂದೇ ಮದ್ದು. ಒಬ್ಬರು ಏನೇ ಆದರೂ ತಟ್ಟೆ ಬದಲಿಸಿ ಕೊಡುತ್ತಾರೆ. ಇನ್ನೊಬ್ಬರು ಬಿಲ್ಲಿನಲ್ಲಿ ಸ್ವಲ್ಪ ಬಿಟ್ಟುಬಿಡುತ್ತಾರೆ. ಮತ್ತೊಬ್ಬರು ‘ನಮ್ಮಲ್ಲಿ ಹಾಗೆಲ್ಲ ಆಗುವುದೇ ಇಲ್ಲ’ ಎಂದು ವಾದಕ್ಕೆ ನಿಲ್ಲುತ್ತಾರೆ. ಆದರೆ ಸಾರಿಗೆ ಉಪ್ಪು ಜಾಸ್ತಿ ಎಂಬ ದೂರು, ಅನ್ನದಲ್ಲಿ ಕೂದಲು ಸಿಕ್ಕಿತು ಎಂಬ ದೂರು, ಬಂಗಡೆ ತಿಂದ ಮೇಲೆ ಮೈಯೆಲ್ಲ ತುರಿಸುತ್ತಿದೆ ಎಂಬ ದೂರು, ಇವು ಮೂರೂ ಬೇರೆ ಬೇರೆ. ಮೂರಕ್ಕೂ ಒಂದೇ ಉತ್ತರ ಕೊಟ್ಟರೆ ಎರಡು ಕಡೆ ತಪ್ಪುತ್ತದೆ.

ನಾನು ಕಾರವಾರದಲ್ಲಿ ಒಂದು ಸಣ್ಣ ಮೀನೂಟದ ಹೋಟೆಲ್ ನಡೆಸುತ್ತೇನೆ. ಅಂಕೋಲಾ, ಕುಮಟಾ, ಗೋಕರ್ಣ, ಮುರ್ಡೇಶ್ವರದ ಕಡೆ ಇದೇ ಕಸುಬಿನವರ ಜೊತೆ ಆಗಾಗ ಮಾತಾಡುತ್ತೇನೆ. ಶಿರಸಿ ಕಡೆ ಮನೆಯಲ್ಲೇ ಹಪ್ಪಳ, ತೊಡೆದೇವು (ತೆಳ್ಳಗಿನ ಸಿಹಿ ತಿಂಡಿ) ಮಾಡಿ ಮಾರುವ ಪರಿಚಯದವರೂ ಇದ್ದಾರೆ. ಎಲ್ಲರ ಕಷ್ಟ ಒಂದೇ: ದೂರು ಬಂದ ಆ ಎರಡು ನಿಮಿಷದಲ್ಲಿ ಏನು ಮಾಡಬೇಕೆಂದು ತೋಚುವುದಿಲ್ಲ.

ದೂರು ಕೇಳಿದ ಕೂಡಲೇ ನಾನು ನೋಡುವುದು ಇಷ್ಟು. ಇದೇ ತೊಂದರೆ ಮುಂದಿನ ತಟ್ಟೆಗೂ ಹೋಗುತ್ತದೆಯೇ? ಹೋಗುತ್ತದೆ ಎಂದಾದರೆ ಮೊದಲು ಪಾತ್ರೆ ನಿಲ್ಲಬೇಕು, ಅಂದರೆ ಅದರಿಂದ ಬಡಿಸುವುದು ನಿಲ್ಲಬೇಕು, ಬಿಲ್ಲಿನ ಮಾತು ಆಮೇಲೆ. ಹೋಗುವುದಿಲ್ಲ ಎಂದಾದರೆ ಈ ಗಿರಾಕಿ ಕಳೆದುಕೊಂಡದ್ದು ಏನು ಎಂದು ನೋಡಬೇಕು. ರುಚಿಯೋ, ಸಮಯವೋ, ನಂಬಿಕೆಯೋ? ಕಳೆದದ್ದು ಯಾವುದೋ ಅದನ್ನೇ ತುಂಬಿಕೊಡಬೇಕು. ದಾರಿಗಳನ್ನು ಹೋಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ.

ತಟ್ಟೆ ಬದಲಿಸುವುದೋ, ದುಡ್ಡು ಬಿಡುವುದೋ

ತಟ್ಟೆ ಬದಲಿಸುವುದು ನಮಗೆ ಎಲ್ಲಕ್ಕಿಂತ ಅಗ್ಗದ ದಾರಿ. ಬಹಳ ಸಲ ಒಳ್ಳೆಯ ದಾರಿಯೂ ಹೌದು. ಬಂದವರು ಊಟಕ್ಕೆಂದೇ ಬಂದಿರುತ್ತಾರೆ. ಹಸಿದವರ ಕೈಗೆ ದುಡ್ಡು ಕೊಟ್ಟು ಕಳಿಸಿದರೆ ಅವರು ಹಸಿದೇ ಹೋಗುತ್ತಾರೆ. ಉಪ್ಪು, ಖಾರ, ಬೇಯದ ಪಲ್ಯ, ತಣ್ಣಗಾದ ಚಪಾತಿ, ಸೀದ ಮೀನು, ಇವಕ್ಕೆಲ್ಲ ಬದಲಿ ತಟ್ಟೆಯೇ ಸರಿ. ಆದರೆ ಬದಲಿ ಬೇಗ ಬರಬೇಕು. ರವಾ ಫ್ರೈ ಮತ್ತೆ ಮಾಡಲು ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಜೊತೆಗೆ ಬಂದವರ ಊಟ ಮುಗಿದು, ಒಬ್ಬರು ಮಾತ್ರ ಸಾರಿನ ಬಟ್ಟಲು ನೋಡುತ್ತಾ ಕೂತಿರುತ್ತಾರೆ. ಇನ್ನು ಕೆಲವರು ರೈಲು ಹಿಡಿಯುವ ಅವಸರದಲ್ಲಿ ಇರುತ್ತಾರೆ. ಶಿರವಾಡದ ಸ್ಟೇಷನ್ ಊರಿಂದ ಹೊರಗೆ, ಆಟೊ ಹಿಡಿದು ಹೋಗಬೇಕು. ಅಂಥವರಿಗೆ ‘ಹತ್ತೇ ನಿಮಿಷ ಸರ್’ ಎನ್ನುವುದು ಅವರನ್ನು ಇನ್ನಷ್ಟು ಸತಾಯಿಸಿದ ಹಾಗೆ. ಅಲ್ಲಿ ಆ ಐಟಂನ ದುಡ್ಡು ಬಿಟ್ಟು, ಕೂಡಲೇ ಸಿಗುವ ಬೇರೆ ಏನನ್ನಾದರೂ ಬಡಿಸುವುದು ವಾಸಿ.

ಹೇಸಿಗೆಯ ದೂರು ಬೇರೆ ಜಾತಿಯದು. ಕೂದಲು, ನೊಣ, ಹುಳ ಕಂಡವರಿಗೆ ಅದೇ ಅಡುಗೆಮನೆಯ ಇನ್ನೊಂದು ತಟ್ಟೆ ಬೇಡ. ನಾವು ಒತ್ತಾಯ ಮಾಡಿ ಬಡಿಸಿದರೆ ಅವರು ಮುಟ್ಟುವುದಿಲ್ಲ. ಕೂದಲಿಗೆ ಆ ಐಟಂನ ದುಡ್ಡು ಬಿಟ್ಟರೆ ಸಾಕು ಎಂಬುದು ನನ್ನ ಲೆಕ್ಕ. ಜಿರಳೆ, ಹುಳದಂಥದ್ದು ಸಿಕ್ಕರೆ ಆ ಟೇಬಲ್ಲಿನ ಇಡೀ ಬಿಲ್ ಬಿಡಬೇಕು. ಯಾಕೆಂದರೆ ಅಲ್ಲಿಗೆ ಆ ಟೇಬಲ್ಲಿನ ನಾಲ್ವರ ಊಟವೂ ಮುಗಿದ ಹಾಗೆ. ಎರಡರಲ್ಲೂ ಗಿರಾಕಿ ಕೇಳುವವರೆಗೆ ಕಾಯಬಾರದು. ಜಗಳ ಆಡಿದ ಮೇಲೆ ಬಿಟ್ಟ 300 ರೂಪಾಯಿಗೂ, ನಾವೇ ಮುಂದೆ ಬಂದು ‘ಇದರ ದುಡ್ಡು ಬೇಡ ಸರ್’ ಎಂದು ಬಿಟ್ಟ 300 ರೂಪಾಯಿಗೂ ಬಹಳ ವ್ಯತ್ಯಾಸ ಇದೆ. ಗಲ್ಲಾದಿಂದ ಹೋಗುವುದು ಅಷ್ಟೇ, ಅವರ ಮನಸ್ಸಿನಲ್ಲಿ ಉಳಿಯುವುದು ಬೇರೆ.

ಮೂರನೆಯದು ಏನಾದರೂ ಹೆಚ್ಚು ಕೊಡುವುದು. ಒಂದು ಗ್ಲಾಸ್ ಸೋಲ್ ಕಡಿ, ಒಂದು ಕಪ್ ಐಸ್‌ಕ್ರೀಂ. ಇದು ತಡವಾದಾಗ ಚೆನ್ನಾಗಿ ಒಪ್ಪುತ್ತದೆ. ಭಾನುವಾರ ಮಧ್ಯಾಹ್ನ ಗೋವಾ ಕಡೆಯ ಕಾರುಗಳೆಲ್ಲ ಒಟ್ಟಿಗೆ ಬಂದಾಗ ಅರ್ಧ ಗಂಟೆ ಕಾದವರಿಗೆ ಮೊದಲೇ ಸೋಲ್ ಕಡಿ ಕೊಟ್ಟರೆ ಸಿಟ್ಟು ಅರ್ಧ ಇಳಿಯುತ್ತದೆ. ಆದರೆ ಹುಳ ಕಂಡವರ ಮುಂದೆ ಐಸ್‌ಕ್ರೀಂ ತಂದಿಡಬೇಡಿ. ಅದು ಬಾಯಿ ಮುಚ್ಚಿಸಲು ಕೊಟ್ಟ ಲಂಚದ ಹಾಗೆ ಕಾಣುತ್ತದೆ.

ನಾಲ್ಕನೆಯದು ಬರೀ ವಿವರಣೆ. ನಮ್ಮ ಜಿಲ್ಲೆಯಲ್ಲಿ ಇದರ ಅಗತ್ಯ ಬೇರೆ ಕಡೆಗಿಂತ ಜಾಸ್ತಿ, ಯಾಕೆಂದರೆ ಊಟ ಸರಿಯಾಗಿಯೇ ಇರುತ್ತದೆ, ಬಂದವರಿಗೆ ಅದು ಹೊಸತು. ಕುಚ್ಚಲಕ್ಕಿ ಅನ್ನ ನೋಡಿ ‘ಅನ್ನ ಬೆಂದಿಲ್ಲ’ ಎನ್ನುತ್ತಾರೆ. ಸಾರಿನಲ್ಲಿದ್ದ ತೆಪ್ಪಲ ಎಂಬ ಮಸಾಲೆ ಕಾಯಿ ಕಚ್ಚಿ ನಾಲಿಗೆ ಜುಮ್ಮೆಂದಾಗ ಗಾಬರಿಯಾಗುತ್ತಾರೆ. ಶಿರಸಿಯಲ್ಲಿ ತಂಬುಳಿ ಬಡಿಸಿದರೆ ‘ತಣ್ಣಗಿದೆ, ಬಿಸಿ ಮಾಡಿ ಕೊಡಿ’ ಎನ್ನುವವರಿದ್ದಾರೆ. ಇಲ್ಲಿ ದುಡ್ಡು ಬಿಡಬೇಕಿಲ್ಲ. ಆದರೆ ಪಾಠ ಹೇಳುವ ಧ್ವನಿ ಬಂದರೆ ಕೆಟ್ಟಿತು. ‘ಇಲ್ಲಿಯವರು ಹೀಗೇ ಉಣ್ಣುವುದು ಅಮ್ಮ, ನಿಮಗೆ ಬೆಳ್ತಿಗೆ ಅನ್ನ ಬೇಕಿದ್ದರೆ ಈಗಲೇ ತರಿಸುತ್ತೇನೆ’ ಎಂದು ಒಂದೇ ಉಸಿರಿನಲ್ಲಿ ಬದಲಿಯನ್ನೂ ಹೇಳಬೇಕು. ಬದಲಿ ಇಲ್ಲದ ವಿವರಣೆ ವಾದ ಎನಿಸಿಕೊಳ್ಳುತ್ತದೆ.

ತಿಸ್ರಿಯಲ್ಲಿ (ಚಿಪ್ಪುಮೀನಿನಲ್ಲಿ) ಮರಳು ಸಿಕ್ಕಿತು ಎಂಬುದಕ್ಕೆ ಮಾತ್ರ ವಿವರಣೆ ಕೊಡಬೇಡಿ. ‘ನದಿಯದು ಅಲ್ವಾ, ಸ್ವಲ್ಪ ಮರಳು ಇರುತ್ತದೆ’ ಎನ್ನುವುದನ್ನು ಕೇಳಿದ್ದೇನೆ. ಉಪ್ಪುನೀರಿನಲ್ಲಿ ಸಾಕಷ್ಟು ಹೊತ್ತು ಬಿಟ್ಟಿದ್ದರೆ ಅದು ಮರಳು ಉಗುಳುತ್ತಿತ್ತು. ಅದು ನಮ್ಮ ಕೆಲಸದ ಕೊರತೆ. ಆ ಪಾತ್ರೆಯಲ್ಲಿರುವ ಎಲ್ಲದರಲ್ಲೂ ಮರಳಿರುತ್ತದೆ, ಹಾಗಾಗಿ ಪಾತ್ರೆ ನಿಲ್ಲಬೇಕು.

ಮೀನಿನ ದರದ ಜಗಳ

ಕರಾವಳಿಯಲ್ಲಿ ರುಚಿಗಿಂತ ಬಿಲ್ಲಿನ ಬಗ್ಗೆ ದೂರು ಹೆಚ್ಚು ಎಂದು ನನಗೆ ಅನಿಸುತ್ತದೆ. ಪಾಪ್ಲೆಟ್, ಇಸವಾಣ, ದೊಡ್ಡ ಶೆಟ್ಲಿಯ (ಸಿಗಡಿಯ) ದರ ದಿನದಿನಕ್ಕೆ ಏರಿಳಿಯುತ್ತದೆ. ಅದಕ್ಕೇ ಮೆನುವಿನಲ್ಲಿ ‘ಸೈಜ್ ನೋಡಿ’ ಎಂದು ಬರೆದು ಬಿಡುತ್ತೇವೆ. ಊರಿನವರು ಕೇಳಿಯೇ ಹೇಳುತ್ತಾರೆ. ಹೊರಗಿಂದ ಬಂದವರು ಕೇಳಲು ಮುಜುಗರಪಡುತ್ತಾರೆ, ಆಮೇಲೆ ಬಿಲ್ ನೋಡಿ ಮೋಸ ಹೋದೆವು ಎಂದುಕೊಳ್ಳುತ್ತಾರೆ.

ಇಲ್ಲಿ ಇರುವ ದಾರಿ ಮೂರು. ವರ್ಷವಿಡೀ ಒಂದೇ ದರ ಇಡಬಹುದು. ಜಗಳ ಇರುವುದಿಲ್ಲ, ಆದರೆ ಮೀನು ತುಟ್ಟಿಯಾದ ದಿನ ತುಂಡು ಚಿಕ್ಕದಾಗುತ್ತದೆ, ಆಗ ಅದರ ದೂರು ಶುರು. ಎರಡನೆಯದು, ಬಾಗಿಲ ಬಳಿ ಬೋರ್ಡಿನಲ್ಲಿ ಆ ದಿನದ ದರ ಬರೆಯುವುದು. ಬೆಳಿಗ್ಗೆ ಐದು ನಿಮಿಷದ ಕೆಲಸ. ಮೂರನೆಯದು, ಮಸಾಲೆ ಹಚ್ಚಿದ ಮೀನನ್ನು ಟ್ರೇಯಲ್ಲಿ ಟೇಬಲ್ಲಿಗೆ ತಂದು ತೋರಿಸಿ, ‘ಇದು 350, ಇದು 500’ ಎಂದು ಹೇಳಿ, ಅವರು ಆರಿಸಿದ್ದನ್ನೇ ಹುರಿಯುವುದು. ನನ್ನ ಮತ ಬಂಗಡೆ, ತಾರ್ಲೆಯಂಥವಕ್ಕೆ ಬೋರ್ಡು, ದೊಡ್ಡ ಮೀನಿಗೆ ಟ್ರೇ. ಟ್ರೇ ತೋರಿಸಿ ಹುರಿದ ಮೀನಿನ ದರಕ್ಕೆ ಜಗಳ ಬರುವುದು ತೀರಾ ಅಪರೂಪ. ಬೋರ್ಡೂ ಇಲ್ಲದೆ, ಟ್ರೇಯೂ ಇಲ್ಲದೆ ಹುರಿದಿದ್ದರೆ, ಗಿರಾಕಿ ಬೇಜಾರಾದಾಗ ಪೂರ್ತಿ ದರ ವಸೂಲಿ ಮಾಡುವ ಹಟ ಬೇಡ. ದರ ಮೊದಲೇ ಹೇಳುವ ಕೆಲಸ ನಮ್ಮದಾಗಿತ್ತು.

ಮೈಗೆ ತಾಗಿದ ದೂರು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇಲ್ಲಿ ಆಗುವ ತಪ್ಪು ಬಿಲ್ಲಿನಿಂದ ಸರಿಹೋಗುವುದಿಲ್ಲ.

ಮೀನು ತಿಂದು ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ ಎಂದು ಯಾರಾದರೂ ಹೇಳಿದರೆ ಹೆಚ್ಚಿನವರು ‘ನಿಮಗೆ ಮೀನು ಆಗಿಬರುವುದಿಲ್ಲ ಅನಿಸುತ್ತದೆ’ ಎಂದುಬಿಡುತ್ತಾರೆ. ಇರಬಹುದು. ಆದರೆ ಬಂಗಡೆ, ತಾರ್ಲೆ, ಟ್ಯೂನಾ ಜಾತಿಯ ಮೀನುಗಳಲ್ಲಿ ಇನ್ನೊಂದು ಕಾರಣವೂ ಇದೆ. ಹಿಡಿದ ಮೇಲೆ ಮಂಜುಗಡ್ಡೆ ಸಾಲದೆ ಮೀನು ಬಿಸಿಯಲ್ಲಿ ಉಳಿದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಹಿಸ್ಟಮಿನ್ ಎಂಬ ವಸ್ತು ಸೇರಿಕೊಳ್ಳುತ್ತದೆ. ಅದನ್ನು ತಿಂದರೆ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಅಲರ್ಜಿಯ ಹಾಗೆಯೇ ಕಾಣುವ ತೊಂದರೆ ಶುರುವಾಗುತ್ತದೆ. ಒಮ್ಮೆ ಸೇರಿದ ಹಿಸ್ಟಮಿನ್ ಬೇಯಿಸಿದರೂ ಹೋಗುವುದಿಲ್ಲ, ಕರಿದರೂ ಹೋಗುವುದಿಲ್ಲ, ಫ್ರಿಜ್ಜಿನಲ್ಲಿಟ್ಟರೂ ಹೋಗುವುದಿಲ್ಲ. ಮೀನು ವಾಸನೆ ಬಾರದೆಯೂ ಇರಬಹುದು. ಹಾಗಾಗಿ ‘ನಾನೇ ಮೂಸಿ ನೋಡಿದೆ, ತಾಜಾ ಇತ್ತು’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಒಂದೇ ಬುಟ್ಟಿಯ ಬಂಗಡೆ ತಿಂದ ಇಬ್ಬರು ಬೇರೆ ಬೇರೆ ಟೇಬಲ್ಲಿನವರು ತುರಿಕೆ ಎಂದರೆ ಅಲರ್ಜಿಯ ಮಾತು ಬಿಟ್ಟು ಬುಟ್ಟಿಯನ್ನೇ ನೋಡಿ.

ಇಂಥ ಕಡೆ ದಾರಿಗಳ ಹೋಲಿಕೆಗೆ ಹೆಚ್ಚು ಜಾಗ ಇಲ್ಲ. ಮೊದಲು ಆಸ್ಪತ್ರೆ. ಅವರ ಬಳಿ ವಾಹನ ಇಲ್ಲದಿದ್ದರೆ ನಾವು ಆಟೊ ಮಾಡಿಸಿ, ಜೊತೆಗೆ ಒಬ್ಬರನ್ನು ಕಳಿಸಬೇಕು. ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು ಎಂದು ಚೀಟಿ ಬರೆದು ಕೊಟ್ಟರೆ ಡಾಕ್ಟರಿಗೆ ಅನುಕೂಲ. ಶೆಟ್ಲಿ, ತಿಸ್ರಿಯ ನಿಜವಾದ ಅಲರ್ಜಿ ಇದ್ದವರಿಗೆ ಉಸಿರು ಕಟ್ಟಿದರೆ ಒಂದೊಂದು ನಿಮಿಷವೂ ಮುಖ್ಯ. ಎರಡನೆಯದಾಗಿ ಆ ಮೀನು ಬಡಿಸುವುದು ಅಲ್ಲಿಗೇ ನಿಲ್ಲಬೇಕು. ಉಳಿದದ್ದನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿ, ತಾರೀಖು ಬರೆದು ಫ್ರೀಜರಿನಲ್ಲಿ ಇಡಿ. ಎಸೆದರೆ ಮುಚ್ಚಿಡಲು ಎಸೆದರು ಎಂದೇ ಜನ ತಿಳಿಯುತ್ತಾರೆ. ಮೂರನೆಯದಾಗಿ ಯಾರ ಬಳಿ ಕೊಂಡಿರಿ, ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಹೊರಗಿತ್ತು ಎಂದು ಅವತ್ತೇ ಬರೆದಿಡಿ.

‘ಐನೂರು ಕೊಟ್ಟು ಕಳಿಸಿಬಿಡಿ, ಗಲಾಟೆ ಬೇಡ’ ಎಂದು ಹೇಳುವ ಹಿತೈಷಿಗಳು ಇದ್ದೇ ಇರುತ್ತಾರೆ. ನಾನು ಒಪ್ಪುವುದಿಲ್ಲ. ಊಟದ ದುಡ್ಡು ಬಿಡಿ, ಆಸ್ಪತ್ರೆಯ ಖರ್ಚು ಕೊಡಿ, ಮರುದಿನ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿ. ಅದು ಕಾಳಜಿ. ಬಾಯಿ ಮುಚ್ಚಿಸಲು ಕೊಡುವ ನೋಟು ಬೇರೆ. ಅದನ್ನು ಕೊಟ್ಟ ದಿನ ಅಡುಗೆಮನೆಯಲ್ಲಿ ಯಾರೂ ಬುಟ್ಟಿ ನೋಡಲು ಹೋಗುವುದಿಲ್ಲ, ಅದೇ ಮೀನು ರಾತ್ರಿಯ ಊಟಕ್ಕೂ ಹೋಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್ ಇರುತ್ತದೆ. ಆ 61 ದಿನ ದಡದ ಸಣ್ಣ ದೋಣಿಯ ಮೀನು, ಹೊಳೆ ಮೀನು ಬಿಟ್ಟರೆ ಉಳಿದದ್ದು ದೂರದಿಂದ ಐಸಿನಲ್ಲಿ ಬಂದದ್ದು, ಇಲ್ಲವೇ ಫ್ರೀಜರಿನದು. ‘ತಾಜಾ ಅಲ್ಲ’ ಎಂಬ ದೂರು ಆಗ ಹೆಚ್ಚು ಬರುತ್ತದೆ. ಅದೇ ಮೆನು ಹಿಡಿದು ಸುಮ್ನೆ ‘ಇವತ್ತಿನದೇ’ ಎಂದು ಹೇಳುವುದಕ್ಕಿಂತ ಮೆನು ಚಿಕ್ಕದು ಮಾಡುವುದು ಒಳ್ಳೆಯದು. ಒಣಮೀನು, ಮೊಟ್ಟೆ, ಕೋಳಿ, ಹೊಳೆ ಮೀನು ಇಟ್ಟು, ಐಸಿನ ಮೀನಿಗೆ ‘ಐಸಿನದು’ ಎಂದೇ ಹೇಳಿದರೆ ಜನ ಒಪ್ಪುತ್ತಾರೆ. ಮಳೆಗಾಲದಲ್ಲಿ ತಾಜಾ ಇಸವಾಣ ಎಲ್ಲಿಂದ ಬರಬೇಕು ಎಂದು ಇಲ್ಲಿಯವರಿಗೆ ಗೊತ್ತೇ ಇದೆ.

ಅನ್ನ, ಸಾರಿನದೂ ಇದೇ ಕಥೆ. ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು, ನಡುವಿನ ಬಿಸಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಪಾರ್ಸಲ್ ತೆಗೆದುಕೊಂಡು ಹೋಗಿ ರಾತ್ರಿ ತಿಂದು ಹೊಟ್ಟೆ ಕೆಟ್ಟಿತು ಎಂಬ ದೂರು ಬಂದರೆ ತಪ್ಪು ಯಾರದು ಎಂದು ಹೇಳುವುದು ಕಷ್ಟ. ಹಾಗಾಗಿ ಪಾರ್ಸಲ್ ಮೇಲೆ ಕಟ್ಟಿದ ಸಮಯ ಬರೆದು ಬಿಡಿ. ಒಂದು ಮಾರ್ಕರ್ ಪೆನ್ ಸಾಕು.

ಸಸ್ಯಾಹಾರಿಯ ತಟ್ಟೆಗೆ ಮೀನಿನ ಸಾರು ಬಿತ್ತು ಎಂಬ ದೂರನ್ನೂ ನಾನು ಇಲ್ಲೇ ಸೇರಿಸುತ್ತೇನೆ. ಗೋಕರ್ಣಕ್ಕೆ, ಮುರ್ಡೇಶ್ವರಕ್ಕೆ ದೇವರ ದರ್ಶನಕ್ಕೆಂದು ಬಂದವರು ಎರಡೂ ಅಡುಗೆ ಇರುವ ಹೋಟೆಲ್‌ಗೆ ನಂಬಿ ಬಂದಿರುತ್ತಾರೆ. ಅವರ ಮೈಗೆ ಏನೂ ಆಗಿಲ್ಲದಿರಬಹುದು, ಮನಸ್ಸಿಗೆ ಆಗಿದೆ. ತಟ್ಟೆ ಬದಲಿಸುವ ಮಾತು ಇಲ್ಲಿ ಎತ್ತಲೇಬಾರದು. ಮಾಲೀಕರೇ ಎದ್ದು ಹೋಗಿ ಕೈಮುಗಿದು ಕ್ಷಮೆ ಕೇಳಬೇಕು, ಬಿಲ್ ಪೂರ್ತಿ ಬಿಡಬೇಕು. ಆಮೇಲೆ ಒಂದೇ ಸೌಟು ಎರಡು ಪಾತ್ರೆಗೆ ಹೋಗುತ್ತಿದೆಯೇ, ಒಂದೇ ಎಣ್ಣೆಯಲ್ಲಿ ಎರಡೂ ಕರಿಯುತ್ತಿದ್ದಾರೆಯೇ ಎಂದು ಅವತ್ತೇ ನೋಡಬೇಕು.

ಯಾರು ಮಾತಾಡಬೇಕು: ಮಾಣಿಯೋ, ಮಾಲೀಕರೋ

ಎಲ್ಲ ದೂರೂ ಮಾಲೀಕರ ಬಳಿಯೇ ಬರಬೇಕು ಎಂಬ ಪದ್ಧತಿಯಲ್ಲಿ ಒಂದು ಗಟ್ಟಿತನ ಇದೆ. ಗಿರಾಕಿಗೂ ತೂಕ ಸಿಕ್ಕಿತು ಅನಿಸುತ್ತದೆ. ಆದರೆ ಮಾಲೀಕರು ಬೆಳಿಗ್ಗೆ ಮೀನು ಪೇಟೆಯಲ್ಲಿ, ಮಧ್ಯಾಹ್ನ ಬ್ಯಾಂಕಿನಲ್ಲಿ. ಅಷ್ಟರಲ್ಲಿ ಮಾಣಿ ‘ಅಣ್ಣ ಬರಲಿ, ಕೇಳಿ ಹೇಳುತ್ತೇನೆ’ ಎನ್ನುತ್ತಾ ನಿಂತರೆ ಸಣ್ಣ ದೂರು ದೊಡ್ಡದಾಗುತ್ತದೆ.

ನಾನು ಮಾಡಿರುವುದು ಹೀಗೆ. 200 ರೂಪಾಯಿಯೊಳಗಿನ ಯಾವುದೇ ಐಟಂ ಬದಲಿಸಲು, ಇಲ್ಲವೇ ಬಿಲ್ಲಿನಿಂದ ತೆಗೆಯಲು ಮಾಣಿ ಯಾರನ್ನೂ ಕೇಳಬೇಕಿಲ್ಲ. ಅದಕ್ಕಿಂತ ಮೇಲಿನದು ಗಲ್ಲಾದಲ್ಲಿ ಕೂತವರದು. ಕಾಯಿಲೆ, ಹುಳ, ಸಸ್ಯಾಹಾರದ ದೂರು ಎಂದರೆ ನಾನು ಎಲ್ಲಿದ್ದರೂ ಫೋನ್ ಬರಬೇಕು.

ಇದು ನಡೆಯಬೇಕಾದರೆ ಒಂದು ಕೆಟ್ಟ ಪದ್ಧತಿ ನಿಲ್ಲಬೇಕು: ಹಾಳಾದ ತಟ್ಟೆಯ ದುಡ್ಡನ್ನು ಮಾಣಿಯ ಸಂಬಳದಲ್ಲಿ ಹಿಡಿಯುವುದು. ಇದನ್ನು ನಾನು ತುಂಬ ಕಡೆ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ತಿಂಗಳ ಕೊನೆಗೆ ಊರಿಗೆ ದುಡ್ಡು ಕಳಿಸುವ ಹುಡುಗನ ಕೈಯಿಂದ 180 ರೂಪಾಯಿ ಕಿತ್ತರೆ ಮುಂದಿನ ಸಲ ಅವನು ದೂರನ್ನೇ ಮುಚ್ಚಿಡುತ್ತಾನೆ. ಕೂದಲು ತೆಗೆದು ಅದೇ ಅನ್ನ ಮತ್ತೆ ತಂದಿಡುತ್ತಾನೆ. ತಪ್ಪು ಬೇಯಿಸಿದವರದೋ, ತೊಳೆದವರದೋ, ಕೊಂಡು ತಂದವರದೋ ಎಂದು ನಮಗೆ ಗೊತ್ತಾಗುವುದೇ ಇಲ್ಲ. ಗಿರಾಕಿ ಮಾತ್ರ ಮತ್ತೆ ಬರುವುದಿಲ್ಲ.

ಎಲ್ಲಿ ಬರೆದಿಡಬೇಕು

ವಾಟ್ಸ್ಆ್ಯಪ್ ನಂಬರ್, ಕ್ಯೂಆರ್ ಕೋಡಿನ ಫಾರ್ಮ್, ಸಲಹೆ ಪೆಟ್ಟಿಗೆ, ಗಲ್ಲಾದ ನೋಟ್‌ಬುಕ್. ಎಂಟು ಹತ್ತು ಟೇಬಲ್ಲಿನ ಜಾಗಕ್ಕೆ ನೋಟ್‌ಬುಕ್ಕೇ ಸಾಕು. ಪೆಟ್ಟಿಗೆಯ ಚೀಟಿ ತೆರೆಯುವ ಹೊತ್ತಿಗೆ ಗಿರಾಕಿ ಹುಬ್ಬಳ್ಳಿ ಸೇರಿರುತ್ತಾರೆ. ವಾಟ್ಸ್ಆ್ಯಪ್ ನಂಬರನ್ನು ಬಿಲ್ ಮೇಲೆ ಹಾಕುವುದು ಪಾರ್ಸಲ್ ಜಾಸ್ತಿ ಇರುವವರಿಗೆ ಉಪಯೋಗ, ಫೋಟೊ ಬರುತ್ತದೆ. ಆದರೆ ಉತ್ತರ ಕೊಡುವವರು ಇಲ್ಲದಿದ್ದರೆ ಹಾಕಬೇಡಿ.

ನೋಟ್‌ಬುಕ್ಕಿನಲ್ಲಿ ತಾರೀಖು, ಹೊತ್ತು, ಐಟಂ, ದೂರು, ಏನು ಕೊಟ್ಟೆವು, ಇಷ್ಟು ಬರೆದರೆ ಆಯಿತು. ಮಾಣಿಯ ಹೆಸರು ಬೇಡ. ವಾರಕ್ಕೊಮ್ಮೆ ಅಡುಗೆಯವರ ಜೊತೆ ಕೂತು ಓದಿ. ಭಾನುವಾರ ಎರಡೂವರೆ ಮೇಲೆ ಅನ್ನದ ದೂರು, ಸೋಮವಾರ ಎಣ್ಣೆ ವಾಸನೆಯ ದೂರು, ಹೀಗೆ ಒಂದು ಜಾಡು ಕಾಣುತ್ತದೆ. ಕರಿಯುವ ಎಣ್ಣೆಗೆ 2018ರ ಜುಲೈಯಿಂದ ಒಂದು ಮಿತಿಯೂ ಇದೆ. ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಸೇರುವ ಪೋಲಾರ್ ಅಂಶ ಶೇ. 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. ಸೋಮವಾರದ ದೂರು ಎಂದರೆ ಭಾನುವಾರದ ಎಣ್ಣೆಯೇ ಮುಂದುವರಿದಿದೆ ಎಂದು ತಿಳಿಯಿರಿ.

ಗೂಗಲ್‌ನಲ್ಲಿ ಒಂದು ಸ್ಟಾರ್ ಬಂದರೆ

ಸುಮ್ಮನಿರುವುದು, ಉತ್ತರ ಬರೆಯುವುದು, ತೆಗೆಯಿರಿ ಎಂದು ಬೇಡುವುದು, ವಕೀಲರ ನೋಟಿಸ್ ಕಳಿಸುತ್ತೇನೆ ಎಂದು ಹೆದರಿಸುವುದು. ಕೊನೆಯ ಎರಡನ್ನು ಬಿಟ್ಟುಬಿಡಿ. ಹೆದರಿಸಿದ ಮೆಸೇಜಿನ ಫೋಟೊ ಮರುದಿನ ಅದೇ ಜಾಗದಲ್ಲಿ ಬಂದು ಕೂರುತ್ತದೆ. ಒಂದೂ ಶಬ್ದ ಬರೆಯದೆ ಬರೀ ಒಂದು ಸ್ಟಾರ್ ಕೊಟ್ಟವರಿಗೆ ಉತ್ತರ ಬೇಕಿಲ್ಲ. ಕಾರಣ ಬರೆದವರಿಗೆ ಒಂದೆರಡು ದಿನದೊಳಗೆ ಉತ್ತರ ಕೊಡಲೇಬೇಕು. ಅದನ್ನು ಓದುವವರು ಮುಂದಿನ ವಾರ ಕಾರವಾರಕ್ಕೆ ಬರಲಿರುವವರು.

ಉತ್ತರ ಚಿಕ್ಕದಿರಲಿ. ಉದಾಹರಣೆಗೆ: ‘ಭಾನುವಾರ ನಿಮಗೆ 40 ನಿಮಿಷ ಕಾಯಬೇಕಾಯಿತು, ಕ್ಷಮಿಸಿ. ಈಗ ಭಾನುವಾರ ಫ್ರೈಗೆ ಎರಡನೇ ತವಾ ಇಟ್ಟಿದ್ದೇವೆ.’ ಏನು ಸರಿಮಾಡಿದಿರಿ ಎಂಬುದು ನಿಜವಾಗಿ ಇದ್ದರೆ ಮಾತ್ರ ಬರೆಯಿರಿ. ‘ಮುಂದಿನ ಸಲ ಊಟ ಫ್ರೀ’ ಎಂದು ಎಲ್ಲರೆದುರು ಬರೆಯಬೇಡಿ. ಗಿರಾಕಿ ಯಾರ ಜೊತೆ ಬಂದಿದ್ದರು, ಏನು ಕುಡಿದಿದ್ದರು ಎಂಬುದನ್ನು ಎಷ್ಟೇ ಸಿಟ್ಟು ಬಂದರೂ ಬರೆಯಬೇಡಿ.

ಶಿರಸಿಯ ಹಪ್ಪಳ, ತೊಡೆದೇವು ಮಾರುವವರಿಗೆ

ಕೊರಿಯರಿನಲ್ಲಿ ಹೋದ ಮಾಲಿನ ದೂರು ಹೋಟೆಲ್‌ನದಕ್ಕಿಂತ ಬೇರೆ, ಯಾಕೆಂದರೆ ಮುಖ ಕಾಣುವುದಿಲ್ಲ. ತೊಡೆದೇವು ಕಾಗದದಷ್ಟು ತೆಳ್ಳಗೆ, ದಾರಿಯಲ್ಲಿ ಮುರಿಯುತ್ತದೆ. ವಾಪಸ್ ಕಳಿಸಿ ಎಂದರೆ ಕೊರಿಯರ್ ಖರ್ಚು ಮಾಲಿನಷ್ಟೇ ಆಗುತ್ತದೆ. ಪ್ಯಾಕೆಟ್ಟಿನ ಫೋಟೊ ಕೇಳಿ, ಹೊಸದು ಕಳಿಸುವುದು ಸುಲಭ. ತುಂಡಾದದ್ದು ತಿನ್ನಲು ಬರುತ್ತದೆ, ಹಾಗಾಗಿ ಕೆಲವರು ಅರ್ಧ ದುಡ್ಡು ವಾಪಸ್ ಕೊಡುತ್ತಾರೆ. ಹಬ್ಬಕ್ಕೋ, ಯಾರಿಗೋ ಕೊಡಲೋ ತರಿಸಿದ್ದರೆ ಅರ್ಧ ದುಡ್ಡಿನಿಂದ ಅವರಿಗೆ ಏನೂ ಉಪಯೋಗವಿಲ್ಲ. ‘ಯಾವ ದಿನಕ್ಕೆ ಬೇಕಿತ್ತು?’ ಎಂದು ಕೇಳಿ ಆಮೇಲೆ ನಿರ್ಧರಿಸಿ.

ಹಲಸಿನ ಹಪ್ಪಳಕ್ಕೆ ಬೂಸ್ಟು ಬಂದಿದೆ ಎಂದರೆ ಬದಲಿ ಕಳಿಸಿ ಮುಗಿಸಬೇಡಿ. ಮೋಡದ ದಿನ ಒಣಗಿಸಿದ ಅದೇ ಸರದಿಯ ಹಪ್ಪಳ ಇನ್ನೂ ಎಷ್ಟು ಮನೆಗೆ ಹೋಗಿದೆ? ಪ್ಯಾಕೆಟ್ಟಿನ ಮೇಲೆ ಮಾಡಿದ ತಾರೀಖು ಮತ್ತು ಬ್ಯಾಚ್ ನಂಬರ್ ಇದ್ದರೆ ಉಳಿದವರಿಗೆ ನಾವೇ ಫೋನ್ ಮಾಡಿ ತಿನ್ನಬೇಡಿ ಎನ್ನಬಹುದು. ಇಲ್ಲದಿದ್ದರೆ ಯಾರಿಗೆ ಎಂದು ಮಾಡುವುದು? ಬ್ಯಾಚ್ ನಂಬರ್, ಬಳಕೆಯ ಅವಧಿ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್ ಪ್ಯಾಕೆಟ್ ಮೇಲೆ ಇರಬೇಕೆಂದು ಕಾನೂನೂ ಹೇಳುತ್ತದೆ. ಮನೆಯಲ್ಲೇ ಮಾಡಿ ಮಾರುವವರಿಗೂ ನೋಂದಣಿ ಬೇಕು.

ಸುಳ್ಳು ದೂರು ಅನಿಸಿದಾಗ

ಬರುತ್ತದೆ, ಇಲ್ಲವೆನ್ನುವುದಿಲ್ಲ. ತಟ್ಟೆ ಪೂರ್ತಿ ಖಾಲಿ ಮಾಡಿ ಚೆನ್ನಾಗಿರಲಿಲ್ಲ ಎನ್ನುವವರು, ಪ್ರತಿ ಸಲವೂ ಏನಾದರೊಂದು ಹುಡುಕುವವರು. ಬಗ್ಗುವುದೋ, ನಿಲ್ಲುವುದೋ? ಸಣ್ಣ ಮೊತ್ತಕ್ಕೆ ಮೊದಲ ಸಲ ಬಗ್ಗಿ ಬಿಡಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಬ್ಬ ಮೋಸಗಾರನನ್ನು ಹಿಡಿಯಲು ಹೋಗಿ ಹತ್ತು ಪ್ರಾಮಾಣಿಕರನ್ನು ಸಂಶಯದಿಂದ ನೋಡುವುದು ನನಗೆ ಒಪ್ಪಿಗೆಯಿಲ್ಲ. ಅದೇ ಮುಖ, ಅದೇ ಮಾತು ಮತ್ತೆ ಬಂದರೆ ನೋಟ್‌ಬುಕ್ ತೆರೆದು, ಧ್ವನಿ ಏರಿಸದೆ ಇಲ್ಲ ಎನ್ನಿ. ಆದರೆ ಕಾಯಿಲೆಯ ಮಾತು ಬಂದರೆ ಸುಳ್ಳು ಅನಿಸಿದರೂ ಮೇಲೆ ಹೇಳಿದ ಕ್ರಮವನ್ನೇ ಮಾಡಿ: ಆಸ್ಪತ್ರೆ, ಪಾತ್ರೆ, ಬರಹ. ನಿಜವಾದರೆ ಅವರು ಉಳಿಯುತ್ತಾರೆ, ಸುಳ್ಳಾದರೆ ಆ ಬರಹದಿಂದ ನಾವು ಉಳಿಯುತ್ತೇವೆ.

ದೂರು ಹೊಸ್ತಿಲು ದಾಟಿದರೆ

ಗಿರಾಕಿಗೆ ಮುಖ್ಯವಾಗಿ ಎರಡು ದಾರಿ ಇವೆ, ಎರಡರ ಕೆಲಸ ಬೇರೆ. ಆಹಾರ ಸುರಕ್ಷತೆಯ ದೂರನ್ನು ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲಿ ಕೊಡಬಹುದು. 2022ರ ಜನವರಿ 1ರಿಂದ ಬಿಲ್ ಮೇಲೆ ನಮ್ಮ ಎಫ್‌ಎಸ್‌ಎಸ್‌ಎಐ ನಂಬರ್ ಇರಲೇಬೇಕಾದ್ದರಿಂದ ಹುಡುಕುವುದೂ ಸುಲಭ. ಆಹಾರದಲ್ಲಿ ಇರಬಾರದ ವಸ್ತು ಸಿಕ್ಕರೆ 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಅಧಿಕಾರಿ ಬಂದು ಮಾದರಿ ತೆಗೆದರೆ ಅದನ್ನು ನಾಲ್ಕು ಭಾಗ ಮಾಡುತ್ತಾರೆ. ಒಂದು ಭಾಗವನ್ನು ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಿ ಎಂದು ನಾವು ಕೇಳಬಹುದು. ವರದಿ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಹಾಗಾಗಿ ಅಧಿಕಾರಿಯ ಜೊತೆ ಜಗಳ ಬೇಡ, ಈ ಎರಡು ಹಕ್ಕು ನೆನಪಿರಲಿ.

ಪರಿಹಾರ ಬೇಕಾದವರು ಗ್ರಾಹಕ ಕಾನೂನಿನ ಕಡೆ ಹೋಗುತ್ತಾರೆ. ಮೊದಲು 1915 ನಂಬರಿನ ಗ್ರಾಹಕ ಸಹಾಯವಾಣಿ. ಅಲ್ಲಿಂದ ನಮಗೆ ವಿಷಯ ಬಂದಾಗ ಇನ್ನೂ ಮಾತಿನಲ್ಲೇ ಮುಗಿಸಬಹುದು, ಮುಗಿಸುವುದೇ ವಾಸಿ. ಆಮೇಲೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗ. ಘಟನೆ ನಡೆದು ಎರಡು ವರ್ಷದವರೆಗೆ ದೂರು ಹಾಕಬಹುದು, ಕೊಟ್ಟ ಮೊತ್ತ ಐದು ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಊಟದ ಬಿಲ್ ಅಷ್ಟು ಆಗುವುದೇ ಇಲ್ಲವಲ್ಲ. ಆಯೋಗದ ನೋಟಿಸ್ ಬಂದರೆ ‘ಒಂದು ಊಟದ ಕೇಸು, ಏನಾಗುತ್ತದೆ’ ಎಂದು ಗಲ್ಲಾದ ಡ್ರಾಯರಿಗೆ ಹಾಕಬೇಡಿ. ಲಿಖಿತ ಉತ್ತರಕ್ಕೆ 30 ದಿನ ಸಮಯ. ಕೇಳಿಕೊಂಡರೆ ಇನ್ನೂ 15 ದಿನ ಸಿಗಬಹುದು. ಈ 45 ದಿನದ ಮೇಲೆ ಒಂದು ದಿನವೂ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. ನೋಟಿಸ್ ಬಂದ ದಿನವೇ ಲಕೋಟೆಯ ಮೇಲೆ ತಾರೀಖು ಬರೆದು, ಆ ದಿನದ ಬಿಲ್, ಮೀನು ಕೊಂಡ ಚೀಟಿ, ನೋಟ್‌ಬುಕ್ಕಿನ ಆ ಪುಟ ಮೂರನ್ನೂ ತೆಗೆದುಕೊಂಡು ವಕೀಲರ ಬಳಿ ಹೋಗಿ.